ಅಪ್ಟನ್ ಸಿಂಕ್ಲೇರನೂ ಮಾಂಸದ ಕಾನೂನೂ

ಅಂಗಡಿಯಿಂದ ತಂದ ಪದಾರ್ಥವನ್ನು ನಂಬಿ ಬಾಯಿಗಿಡುವವರು ನಾವೆಲ್ಲರೂ. ಆ ನಂಬಿಕೆಯ ಹಿಂದೆ ಒಂದು ಕಾನೂನಿದೆ, ಆ ಕಾನೂನಿನ ಹಿಂದೆ ದೊಡ್ಡದೊಂದು ಹೋರಾಟವಿದೆ ಎಂಬುದು ಬಹುಮಂದಿಯ ಗಮನಕ್ಕೆ ಬರುವುದಿಲ್ಲ. ರಾಜ್ಯಶಾಸ್ತ್ರದ ವಿದ್ಯಾರ್ಥಿಯಾದ ನಾನು ಶಾಸನಗಳ ಹುಟ್ಟಿನ ವಿಚಾರವನ್ನು ಓದುತ್ತಿದ್ದಾಗ, ಒಂದು ಕಾದಂಬರಿಯು ಕಾನೂನಿಗೆ ಕಾರಣವಾದ ಅಪರೂಪದ ಸಂಗತಿ ಕಣ್ಣಿಗೆ ಬಿತ್ತು. ಕಾದಂಬರಿಯ ಹೆಸರು ‘ದಿ ಜಂಗಲ್’. ಬರೆದವನು ಅಮೆರಿಕದ ಅಪ್ಟನ್ ಸಿಂಕ್ಲೇರ್. ಆತನ ಜೀವನವನ್ನು ಸಹಪಾಠಿಗಳ ಮುಂದೆ ಸಂಗ್ರಹವಾಗಿ ಇಡುವುದು ಈ ಲೇಖನದ ಉದ್ದೇಶ.

ಸಿಂಕ್ಲೇರನು ೧೮೭೮ನೆಯ ಇಸವಿ ಸೆಪ್ಟೆಂಬರ್ ೨೦ರಂದು ಬಾಲ್ಟಿಮೋರ್ ನಗರದಲ್ಲಿ ಜನಿಸಿದನು. ತಂದೆ ಮದ್ಯದ ವ್ಯಾಪಾರಕ್ಕಾಗಿ ಅಲೆಯುತ್ತಿದ್ದವನು. ಕಡೆಗೆ ತಾನೇ ಮದ್ಯಕ್ಕೆ ದಾಸನಾದನು. ತಾಯಿಯ ಬಂಧುಗಳು ಮಾತ್ರ ಸಿರಿವಂತರು. ಹೀಗಾಗಿ ಬಾಲಕನು ಕೆಲವು ದಿನ ತಿಗಣೆ ತುಂಬಿದ ಬಾಡಿಗೆಯ ಕೋಣೆಯಲ್ಲಿಯೂ, ಕೆಲವು ದಿನ ನೆಂಟರ ಭವ್ಯವಾದ ಮನೆಯಲ್ಲಿಯೂ ಬೆಳೆದನು. ಎರಡನ್ನೂ ಕಂಡ ಕಣ್ಣಿಗೆ ಲೋಕದ ಏರುತಗ್ಗು ಬಲುಬೇಗ ಅರ್ಥವಾಯಿತು. ಹದಿನಾಲ್ಕು ತುಂಬುವ ಹೊತ್ತಿಗೆ ನ್ಯೂಯಾರ್ಕಿನ ಸಿಟಿ ಕಾಲೇಜನ್ನು ಸೇರಿ, ನಗೆಹನಿಗಳನ್ನೂ ಅಗ್ಗದ ಸಾಹಸಕಥೆಗಳನ್ನೂ ಪತ್ರಿಕೆಗಳಿಗೆ ಮಾರಿ ಓದಿನ ಖರ್ಚನ್ನು ತೂಗಿಸಿದನು. ೧೮೯೭ರಲ್ಲಿ ಪದವೀಧರನಾದನು. ನಮ್ಮ ಮನೆತನದಲ್ಲಿ ಮೊದಲ ಪದವಿಗೆ ಕಾದಿರುವ ನನಗೆ ಆತನ ಜೀವನದ ಈ ಭಾಗ ಬಹಳ ಹಿಡಿಸಿತು.

ಆತನ ಮುಂದಿನ ಕೆಲಸ ತಿಳಿಯಬೇಕಾದರೆ ಆ ಕಾಲದ ಮಾಂಸದ ವ್ಯಾಪಾರವನ್ನು ಸ್ವಲ್ಪ ತಿಳಿಯಬೇಕು. ಷಿಕಾಗೋ ನಗರದಲ್ಲಿ ಆರ್ಮರ್, ಸ್ವಿಫ್ಟ್ ಮೊದಲಾದ ಕೆಲವೇ ಕಂಪನಿಗಳು ದೇಶದ ಮಾಂಸದ ವ್ಯಾಪಾರವನ್ನು ಮುಷ್ಟಿಯಲ್ಲಿಟ್ಟುಕೊಂಡಿದ್ದವು. ೧೮೮೦ರ ದಶಕದಲ್ಲಿ ಯೂರೋಪಿನ ಹಲವು ದೇಶಗಳು ಅಮೆರಿಕದ ಹಂದಿಮಾಂಸವನ್ನು ನಿಷೇಧಿಸಿದಾಗ ಅಲ್ಲಿನ ಸರ್ಕಾರವು ೧೮೯೧ರಲ್ಲಿ ತಪಾಸಣೆಯ ಕಾನೂನನ್ನು ತಂದಿತು. ಮುಖ್ಯವಾಗಿ ಪರದೇಶದ ಮಾರುಕಟ್ಟೆಯನ್ನು ಉಳಿಸಿಕೊಳ್ಳುವುದಕ್ಕಾಗಿ ಹುಟ್ಟಿದ ಕಾನೂನು ಅದು. ೧೮೯೮ರ ಸ್ಪೇನ್ ಯುದ್ಧದಲ್ಲಿ ಸೈನಿಕರಿಗೆ ಕೆಟ್ಟ ಡಬ್ಬಿಮಾಂಸ ಹೋಯಿತೆಂಬ ಗುಲ್ಲೂ ಎದ್ದಿತ್ತು. ಸರ್ಕಾರದ ರಸಾಯನಶಾಸ್ತ್ರಜ್ಞ ಹಾರ್ವಿ ವೈಲಿ ಎಂಬವನು ೧೯೦೨ರಿಂದ, ತಾವಾಗಿ ಮುಂದೆ ಬಂದ ತರುಣರಿಗೆ ಬೊರಾಕ್ಸ್ ಮುಂತಾದವನ್ನು ಬೆರೆಸಿದ ಊಟ ಕೊಟ್ಟು ಅವುಗಳ ಕೇಡನ್ನು ಪರೀಕ್ಷಿಸುತ್ತಿದ್ದನು. ಇಷ್ಟಾದರೂ ಶುದ್ಧ ಆಹಾರದ ಮಸೂದೆಗಳು ಕಾಂಗ್ರೆಸ್ಸಿನಲ್ಲಿ ವರ್ಷಗಟ್ಟಲೆ ಕೊಳೆಯುತ್ತ ಬಿದ್ದಿದ್ದವು.

೧೯೦೪ರಲ್ಲಿ ಷಿಕಾಗೋದ ಕಸಾಯಿಖಾನೆಗಳ ಕೂಲಿಕಾರರು ಮುಷ್ಕರ ಹೂಡಿ ಸೋತರು. ಸಮಾಜವಾದಿ ವಾರಪತ್ರಿಕೆಯೊಂದು ಸಿಂಕ್ಲೇರನಿಗೆ ೫೦೦ ಡಾಲರು ಮುಂಗಡ ಕೊಟ್ಟು, ಈ ಕೂಲಿಕಾರರ ವಿಷಯವಾಗಿ ಬರೆಯಬೇಕೆಂದು ಕೇಳಿತು. ಆಗ ಆತನಿಗೆ ಇಪ್ಪತ್ತಾರು ವರ್ಷ. ಏಳು ವಾರಗಳ ಕಾಲ ಅವರ ಕೇರಿಯಲ್ಲಿ ತಿರುಗಾಡಿದನು. ಹಳೆಯ ಬಟ್ಟೆ ತೊಟ್ಟು, ಕೈಯಲ್ಲಿ ಊಟದ ಡಬ್ಬಿ ಹಿಡಿದುಬಿಟ್ಟರೆ ಕಾರ್ಖಾನೆಯೊಳಗೆ ಯಾರೂ ತಡೆಯುತ್ತಿರಲಿಲ್ಲ. ನೋಡಿದ್ದನ್ನೂ ಕೇಳಿದ್ದನ್ನೂ ಕೂಡಿಸಿ, ಲಿಥುವೇನಿಯದಿಂದ ಬಂದ ಯೂರ್ಗಿಸ್ ಎಂಬ ಕೂಲಿಯ ಕಥೆಯನ್ನು ಹೆಣೆದನು. ಮೈಯಲ್ಲಿ ಆನೆಬಲವಿದ್ದ ಆ ಯುವಕನು ಕಾರ್ಖಾನೆಯ ಗಾಣಕ್ಕೆ ಸಿಕ್ಕಿ ಮನೆ, ಮಡದಿ, ಮಗು ಎಲ್ಲವನ್ನೂ ಕಳೆದುಕೊಳ್ಳುವುದೇ ಕಥೆಯ ತಿರುಳು. ಮಾಂಸದ ಹೊಲಸಿನ ವರ್ಣನೆ ಅದರಲ್ಲಿ ಕೆಲವೇ ಪುಟಗಳಷ್ಟು.

೧೯೦೫ರಲ್ಲಿ ಕಥೆ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದಿತು. ಪುಸ್ತಕವಾಗಿ ತರಲು ಹಲವು ಪ್ರಕಾಶಕರು ಹೆದರಿದರು. ಕಡೆಗೆ ಡಬಲ್‌ಡೇ ಸಂಸ್ಥೆಯವರು ತಮ್ಮ ಜನರನ್ನು ಷಿಕಾಗೋಗೆ ಕಳುಹಿಸಿ, ನಿಜವೆಂದು ಕಂಡುಕೊಂಡ ಮೇಲೆ ೧೯೦೬ರ ಫೆಬ್ರವರಿಯಲ್ಲಿ ಅಚ್ಚುಮಾಡಿದರು. ಓದಿದ ದೇಶ ತಲ್ಲಣಿಸಿತು. ಅಧ್ಯಕ್ಷ ಥಿಯೊಡೋರ್ ರೂಸ್‌ವೆಲ್ಟನು ಲೇಖಕನನ್ನು ಶ್ವೇತಭವನಕ್ಕೆ ಕರೆಸಿದನು. ಆದರೆ ಸಮಾಜವಾದಿಯ ಮಾತನ್ನು ಸುಮ್ಮನೆ ನಂಬದೆ ನೀಲ್ ಮತ್ತು ರೆನಾಲ್ಡ್ಸ್ ಎಂಬಿಬ್ಬರನ್ನು ವಿಚಾರಣೆಗೆ ಕಳುಹಿಸಿದನು. ಅವರೂ ಹೊಲಸನ್ನು ಕಣ್ಣಾರೆ ಕಂಡು ಬಂದರು.

ಇಲ್ಲಿಂದ ಮುಂದಿನದು ಶುದ್ಧ ರಾಜಕಾರಣ. ಸೆನೆಟರ್ ಬೆವರಿಜ್ ತಂದ ಮಸೂದೆಯಲ್ಲಿ ಎರಡು ಮುಖ್ಯ ಅಂಶಗಳಿದ್ದವು: ತಪಾಸಣೆಯ ಖರ್ಚನ್ನು ಕಂಪನಿಗಳೇ ಕೊಡಬೇಕು, ಡಬ್ಬಿಯ ಮೇಲೆ ತಯಾರಾದ ದಿನಾಂಕವಿರಬೇಕು. ಸೆನೆಟ್ ಒಪ್ಪಿತು. ಆದರೆ ಕೆಳಮನೆಯ ವ್ಯವಸಾಯ ಸಮಿತಿಯ ಅಧ್ಯಕ್ಷ ವಾಡ್ಸ್‌ವರ್ತ್ ಕಂಪನಿಗಳ ಪರ ನಿಂತನು. ವರದಿಯನ್ನು ಮೊದಲು ಬೆದರಿಕೆಯಾಗಿ ಇಟ್ಟುಕೊಂಡಿದ್ದ ರೂಸ್‌ವೆಲ್ಟನು ಜೂನ್ ೪ರಂದು ಅದನ್ನು ಬಹಿರಂಗಪಡಿಸಿದನು. ಅಷ್ಟರಲ್ಲಿ ಮಾಂಸದ ಮಾರಾಟ ಕುಸಿಯತೊಡಗಿತ್ತು. ಸರ್ಕಾರದ ಮುದ್ರೆಯಿಲ್ಲದೆ ವ್ಯಾಪಾರ ಉಳಿಯದೆಂದು ಕಂಪನಿಗಳಿಗೂ ಅನ್ನಿಸಿತು. ೧೯೦೬ರ ಜೂನ್ ೩೦ರಂದು ಮಾಂಸ ತಪಾಸಣೆಯ ಕಾನೂನಿಗೂ, ಶುದ್ಧ ಆಹಾರ ಮತ್ತು ಔಷಧಗಳ ಕಾನೂನಿಗೂ ಒಂದೇ ದಿನ ರುಜು ಬಿದ್ದಿತು. ಕೊಯ್ಯುವ ಮೊದಲೂ ಕೊಯ್ದ ಮೇಲೂ ಪ್ರಾಣಿಯ ತಪಾಸಣೆ ಕಡ್ಡಾಯವಾಯಿತು. ಆದರೆ ದಿನಾಂಕದ ಮಾತು ಬಿಟ್ಟುಹೋಯಿತು. ಖರ್ಚಿಗೆಂದು ವರ್ಷಕ್ಕೆ ೩೦ ಲಕ್ಷ ಡಾಲರು ಜನರ ಬೊಕ್ಕಸದಿಂದಲೇ ಹೋಗುವಂತಾಯಿತು. ಕಂಪನಿಗಳಿಗೆ ಸರ್ಕಾರದ ಮುದ್ರೆ ಪುಕ್ಕಟೆಯಾಗಿ ದೊರೆಯಿತು.

ಕೂಲಿಕಾರನಿಗೆ ದೊರೆತದ್ದೇನು? ಅವನ ಕೂಲಿ, ದುಡಿಮೆಯ ಹೊತ್ತು, ಯಂತ್ರಕ್ಕೆ ಸಿಕ್ಕ ಅವನ ಬೆರಳು, ಇವುಗಳ ಬಗ್ಗೆ ಆ ಕಾನೂನಿನಲ್ಲಿ ಏನೂ ಇರಲಿಲ್ಲ. ದುಡಿಯುವವನಿಗಾಗಿ ಜನ ಮರುಗಲೆಂದು ಸಿಂಕ್ಲೇರನು ಬರೆದಿದ್ದನು; ಜನ ತಮ್ಮ ತಟ್ಟೆಗಾಗಿ ಹೆದರಿದರು. ಈ ಕೊರಗು ಆತನನ್ನು ಜೀವಮಾನವಿಡೀ ಬಿಡಲಿಲ್ಲ.

ಆದರೂ ಆತನು ಕೈಕಟ್ಟಿ ಕುಳಿತವನಲ್ಲ. ಪುಸ್ತಕದ ಹಣದಿಂದ ನ್ಯೂಜೆರ್ಸಿಯಲ್ಲಿ ಕೂಡುಬಾಳಿನ ವಸತಿಯೊಂದನ್ನು ಕಟ್ಟಿದನು. ೧೯೦೭ರಲ್ಲಿ ಅದು ಬೆಂಕಿಗೆ ಆಹುತಿಯಾಯಿತು. ಕಲ್ಲಿದ್ದಲಿನ ಗಣಿ, ಎಣ್ಣೆಯ ವ್ಯಾಪಾರ, ಪತ್ರಿಕೋದ್ಯಮ, ಒಂದೊಂದರ ಮೇಲೆಯೂ ಬರೆದನು. ೧೯೨೩ರಲ್ಲಿ ಬಂದರಿನ ಕೂಲಿಗಳ ಪರವಾಗಿ ನಿಂತು, ಸಂವಿಧಾನವನ್ನು ಬಹಿರಂಗವಾಗಿ ಓದಿದ್ದಕ್ಕೆ ಬಂಧನಕ್ಕೊಳಗಾದನು. ೧೯೩೪ರಲ್ಲಿ ಬಡತನದ ನಿರ್ಮೂಲನವನ್ನೇ ಧ್ಯೇಯವಾಗಿಟ್ಟು ಕ್ಯಾಲಿಫೋರ್ನಿಯದ ರಾಜ್ಯಪಾಲನ ಸ್ಥಾನಕ್ಕೆ ನಿಂತು, ಸುಮಾರು ೮ ಲಕ್ಷ ೮೦ ಸಾವಿರ ಮತಗಳನ್ನು ಪಡೆದೂ ಸೋತನು. ೧೯೪೩ರಲ್ಲಿ ಒಂದು ಕಾದಂಬರಿಗೆ ಪುಲಿಟ್ಜರ್ ಬಹುಮಾನ ಬಂದಿತು. ಒಟ್ಟು ತೊಂಬತ್ತಕ್ಕೂ ಹೆಚ್ಚು ಪುಸ್ತಕಗಳನ್ನು ಬರೆದನು.

೧೯೦೬ರ ಕಾನೂನಿನಲ್ಲಿ ಇನ್ನೊಂದು ಕೊರತೆಯಿತ್ತು. ರಾಜ್ಯದಿಂದ ರಾಜ್ಯಕ್ಕೆ, ದೇಶದಿಂದ ದೇಶಕ್ಕೆ ಹೋಗುವ ಮಾಂಸಕ್ಕೆ ಮಾತ್ರ ಅದು ಅನ್ವಯಿಸುತ್ತಿತ್ತು. ಒಂದೇ ರಾಜ್ಯದೊಳಗೆ ಮಾರಾಟವಾಗುವ ಮಾಂಸ ಹೊರಗುಳಿದಿತ್ತು. ಆ ಕಿಂಡಿಯನ್ನು ಮುಚ್ಚಲು ಅರವತ್ತೊಂದು ವರ್ಷ ಹಿಡಿಯಿತು. ೧೯೬೭ರ ಡಿಸೆಂಬರಿನಲ್ಲಿ ಅಧ್ಯಕ್ಷ ಜಾನ್ಸನ್ ಹೊಸ ಕಾನೂನಿಗೆ ರುಜು ಹಾಕಿದಾಗ, ಎಂಬತ್ತೊಂಬತ್ತು ವರ್ಷದ ಸಿಂಕ್ಲೇರನು ಶ್ವೇತಭವನದಲ್ಲಿ ಹಾಜರಿದ್ದನು. ತರುಣನಾಗಿ ಆರಂಭಿಸಿದ ಕೆಲಸದ ಒಂದು ಭಾಗವಾದರೂ ಮುಗಿದುದನ್ನು ಆ ವೃದ್ಧನು ಕಂಡನು. ಮುಂದಿನ ವರ್ಷ, ೧೯೬೮ರ ನವೆಂಬರ್ ೨೫ರಂದು ತೀರಿಕೊಂಡನು.

ಷಿಕಾಗೋದ ಈ ಕಥೆಗೂ ನಮಗೂ ಏನು ಸಂಬಂಧವೆಂದು ಕೇಳಬಹುದು. ನಮ್ಮ ಮನೆ ಇರುವುದು ಶಿವಮೊಗ್ಗದ ರಾಗಿಗುಡ್ಡದಲ್ಲಿ. ತಂದೆಯವರು ಸಂಜೆ ತಳ್ಳುಗಾಡಿಯಲ್ಲಿ ಗೋಬಿ ಮಂಚೂರಿ, ಕಬಾಬು ಮಾರುತ್ತಾರೆ. ನಮ್ಮ ದೇಶದಲ್ಲಿ ೧೯೫೪ರಲ್ಲಿ ಕಲಬೆರಕೆ ತಡೆಯುವ ಕಾನೂನು ಬಂದಿತು. ೨೦೦೬ರ ಆಹಾರ ಸುರಕ್ಷತೆಯ ಕಾನೂನು ಆಮೇಲೆ ಅದರ ಸ್ಥಾನಕ್ಕೆ ಬಂದಿತು. ೨೦೨೪ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಸರ್ಕಾರವು ಗೋಬಿ ಮಂಚೂರಿಗೂ, ಜೂನ್ ತಿಂಗಳಲ್ಲಿ ಕಬಾಬಿಗೂ ಕೃತಕ ಬಣ್ಣ ಬೆರೆಸಬಾರದೆಂದು ವಿಧಿಸಿತು. ಅಂದಿನಿಂದ ತಂದೆಯವರು ಬ್ಯಾಡಗಿ ಮೆಣಸಿನಕಾಯಿಯ ಪುಡಿಯನ್ನೇ ಬಳಸುತ್ತಾರೆ. ಅದರ ಬೆಲೆ ಹೆಚ್ಚು, ಕೆಂಪು ಕಡಮೆ. ಮೊದಮೊದಲು ಗಿರಾಕಿಗಳು ಮೂಗು ಮುರಿದು ಮುಂದೆ ಹೋದರು. ಆ ನಷ್ಟವನ್ನು ಯಾವ ಬೊಕ್ಕಸವೂ ತುಂಬಿಕೊಡಲಿಲ್ಲ.

ಆದರೂ ಆ ನಿಯಮ ಸರಿಯೆಂಬುದೇ ನನ್ನ ಅಭಿಪ್ರಾಯ. ಗಾಡಿಯಲ್ಲಿ ಉಳಿದದ್ದನ್ನು ರಾತ್ರಿ ತಿನ್ನುವವಳು ನನ್ನ ತಂಗಿಯೇ. ನನ್ನ ಪ್ರಶ್ನೆ ಬೇರೆ. ಅಂದು ಆರ್ಮರ್, ಸ್ವಿಫ್ಟರಂಥ ಧನಿಕರ ತಪಾಸಣೆಯ ಖರ್ಚನ್ನು ಸರ್ಕಾರ ಹೊತ್ತಿತು. ಇಂದು ತಳ್ಳುಗಾಡಿಯವನು ತನ್ನ ಶುದ್ಧತೆಯ ಖರ್ಚನ್ನು ತಾನೇ ಹೊರುತ್ತಾನೆ. ತಿನ್ನುವವನನ್ನು ಕಾಯುವ ಕಾನೂನು ಬೇಯಿಸುವವನನ್ನೂ ಕಡಿಯುವವನನ್ನೂ ತೊಳೆಯುವವನನ್ನೂ ಮರೆಯದಿದ್ದಾಗಲೇ ಅದು ಪೂರ್ಣವಾದೀತು. ಸಿಂಕ್ಲೇರನು ಬಯಸಿದ್ದು ಇದನ್ನೇ. ಆತನು ಕಂಡದ್ದು ಅರ್ಧ. ಉಳಿದರ್ಧ ನಮ್ಮ ಕಾಲದವರ ಪಾಲಿಗೆ ಬಂದಿದೆ.