ಇಬ್ನ್ ಬತೂತ: ಪರದೇಶದಲ್ಲಿ ಕಾಗದಕ್ಕಾಗಿ ಕಾದ ಪಯಣಿಗ

ಇಖಾಮ, ಕಫೀಲ್, ಎಕ್ಸಿಟ್ ರೀ-ಎಂಟ್ರಿ. ಈ ಪದಗಳ ಅರ್ಥವನ್ನು ಬ್ಯಾರಿ ಮನೆಗಳಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಪರದೇಶದ ಬದುಕು ಅಂದ್ರೆ ಅರ್ಧ ದುಡಿಮೆ, ಇನ್ನರ್ಧ ಕಾಗದಪತ್ರ. ಇದು ಈ ಕಾಲದ ಪೀಡೆ ಅಂತ ನಾವೆಲ್ಲ ತಿಳಿದಿದ್ದೇವೆ. ಆದರೆ ಸುಮಾರು 700 ವರ್ಷಗಳ ಹಿಂದೆಯೇ ಒಬ್ಬರು ಇದನ್ನೆಲ್ಲ ಅನುಭವಿಸಿ ಬರೆಸಿಟ್ಟು ಹೋಗಿದ್ದಾರೆ. ನಮ್ಮ ಮಂಗಳೂರಿಗೂ ಬಂದು ಹೋದವರು ಅವರು. ಅವರೇ ಇಬ್ನ್ ಬತೂತ.

1304ರಲ್ಲಿ ಮೊರಾಕ್ಕೊದ ತಂಜಾ ಪಟ್ಟಣದಲ್ಲಿ ಅವರ ಜನನ. ಖಾಝಿಗಳ ಮನೆತನ. 1325ರಲ್ಲಿ, 21ನೇ ವಯಸ್ಸಿನಲ್ಲಿ, ತಂದೆ ತಾಯಿಯನ್ನು ಬಿಟ್ಟು ಒಬ್ಬರೇ ಹಜ್ಜ್‌ಗೆ ಹೊರಟರು. ದಾರಿಯಲ್ಲಿ ಈಜಿಪ್ಟ್ ಮತ್ತು ಶಾಮ್ ನಡುವಿನ ಖತ್ಯಾ ಎಂಬ ಠಾಣೆ ಸಿಕ್ಕಿತು. ಅಲ್ಲಿ ಪರವಾನಗಿ ಇಲ್ಲದೆ ಯಾರನ್ನೂ ಗಡಿ ದಾಟಲು ಬಿಡುತ್ತಿರಲಿಲ್ಲ. ರಾತ್ರಿ ಮರಳನ್ನು ಸಮತಟ್ಟು ಮಾಡಿ, ಬೆಳಿಗ್ಗೆ ಹೆಜ್ಜೆಗುರುತು ಇದೆಯಾ ಅಂತ ನೋಡುತ್ತಿದ್ದರು. ಕಳ್ಳದಾರಿಯಲ್ಲಿ ದಾಟಿದವನನ್ನು ಹಾಗೆ ಹಿಡಿಯುತ್ತಿದ್ದರು.

ಹಜ್ಜ್ ಮುಗಿದರೂ ಅವರು ಊರಿಗೆ ಮರಳಲಿಲ್ಲ. ಸುತ್ತುತ್ತಾ ಸುತ್ತುತ್ತಾ 1333ರ ಸೆಪ್ಟೆಂಬರ್‌ನಲ್ಲಿ ಸಿಂಧೂ ನದಿ ತಲುಪಿದರು. ದಿಲ್ಲಿಯಲ್ಲಿ ಆಗ ಮುಹಮ್ಮದ್ ಬಿನ್ ತುಘಲಕ್ ಸುಲ್ತಾನ್. ಪರದೇಶಿಗಳೆಂದರೆ ಅವನಿಗೆ ಬಹಳ ಇಷ್ಟ. ಅವರನ್ನು ಪರದೇಶಿ ಎನ್ನದೆ ಅಝೀಝ್, ಅಂದರೆ ಗೌರವಾನ್ವಿತ, ಎಂದು ಕರೆಯಬೇಕೆಂದು ಅವನದೇ ಆಜ್ಞೆ ಇತ್ತು. ಹೆಸರಿಗೆ ಗೌರವವೇನೋ ಸರಿ, ತಪಾಸಣೆ ಮಾತ್ರ ತಪ್ಪಲಿಲ್ಲ. ನದಿ ದಾಟಿದ ಕೂಡಲೇ ಬಂದವನ ಮುಖಚಹರೆ, ಬಟ್ಟೆ, ಜೊತೆಗಾರರು, ಸೇವಕರು, ಪ್ರಾಣಿಗಳು, ನಡವಳಿಕೆ ಎಲ್ಲವನ್ನೂ ಅಧಿಕಾರಿಗಳು ಬರೆದು ದಿಲ್ಲಿಗೆ ಕಳಿಸುತ್ತಿದ್ದರು. ಸಾಮಾನ್ಯ ಪ್ರಯಾಣಿಕನಿಗೆ 50 ದಿನ ಹಿಡಿಯುವ ದಾರಿಯನ್ನು ಆ ಟಪಾಲು ಐದೇ ದಿನಗಳಲ್ಲಿ ಮುಗಿಸುತ್ತಿತ್ತು.

ಮುಲ್ತಾನ್‌ನಲ್ಲಿ ತಡೆ. ಸುಲ್ತಾನನ ಅಪ್ಪಣೆ ಬರುವ ತನಕ ಮುಂದೆ ಹೋಗುವಂತಿಲ್ಲ. ಬರೀ ನೋಡಿಕೊಂಡು ಹೋಗಲು ಬಂದವನಿಗೆ ಅಪ್ಪಣೆಯೂ ಇಲ್ಲ, ಇಲ್ಲೇ ನೆಲೆಸುತ್ತೇನೆ ಎನ್ನುವವನಿಗೆ ಮಾತ್ರ. ಇಬ್ನ್ ಬತೂತ ಖಾಝಿಯ ಮುಂದೆ ಹಾಗಂತ ಮುಚ್ಚಳಿಕೆ ಬರೆದುಕೊಟ್ಟರು.

ಇನ್ನೊಂದು ತೊಂದರೆ ಅದಕ್ಕಿಂತ ದೊಡ್ಡದು. ಸುಲ್ತಾನನ ಮುಂದೆ ಬರಿಗೈಯಲ್ಲಿ ನಿಲ್ಲುವಂತಿಲ್ಲ, ಉಡುಗೊರೆ ಬೇಕು. ಸುಲ್ತಾನ್ ಅದರ ಎಷ್ಟೋ ಪಟ್ಟು ತಿರುಗಿ ಕೊಡುತ್ತಾನೆ ಎಂಬ ಭರವಸೆಯ ಮೇಲೆ ವ್ಯಾಪಾರಿಗಳು ಹೊಸಬರಿಗೆ ಸಾಲ ಕೊಡುತ್ತಿದ್ದರು. ಇವರೂ ಹಾಗೆಯೇ ಕುದುರೆಗಳು, ಒಂಟೆಯ ಮೇಲೆ ಬಾಣಗಳ ಹೊರೆ ಎಲ್ಲ ಕೊಂಡರು.

ಇಲ್ಲಿ ಪೀಣ್ಯದಲ್ಲಿ ಲೇಥ್, ವೆಲ್ಡಿಂಗ್ ಕಲಿತು ಗಲ್ಫ್‌ಗೆ ಹೊರಡುವ ನಮ್ಮ ಹುಡುಗರನ್ನು ನೋಡುವಾಗ ನಮಗೆ ಈ ಸಾಲದ್ದೇ ನೆನಪು. ಪಾಸ್‌ಪೋರ್ಟ್ ಆಯ್ತು, ಮೆಡಿಕಲ್ ಆಯ್ತು, ಪೊಲೀಸ್ ಕ್ಲಿಯರೆನ್ಸ್ ಆಯ್ತು ಅಂತ ಉತ್ಸಾಹದಿಂದ ಹೇಳ್ತಾರೆ. ವೀಸಾಕ್ಕೆ ಎಷ್ಟು ಸಾಲ ಆಯ್ತು ಅನ್ನೋದನ್ನು ಮಾತ್ರ ಕೊನೆಗೆ, ತಗ್ಗಿದ ದನಿಯಲ್ಲಿ ಹೇಳ್ತಾರೆ. ಮನೆಯವರಿಗೆ ಅದೂ ಗೊತ್ತಿರುವುದಿಲ್ಲ.

ದಿಲ್ಲಿಯಲ್ಲಿ ಇಬ್ನ್ ಬತೂತರಿಗೆ ಖಾಝಿ ಹುದ್ದೆ ಸಿಕ್ಕಿತು. ವರ್ಷಕ್ಕೆ 12,000 ದೀನಾರ್ ಸಂಬಳ. ಅವರು ಮಾಲಿಕಿ ಮದ್‌ಹಬ್‌ನವರು, ಊರು ಹನಫಿಗಳದ್ದು. ಅಲ್ಲಿನ ಭಾಷೆಯೂ ಸರಿಯಾಗಿ ಬಾರದು. ಹಾಗಾಗಿ ಇಬ್ಬರು ಸಹಾಯಕರನ್ನು ಕೊಟ್ಟರು. ಆದರೆ ಸುಲ್ತಾನ್ ಕೊಡಿ ಅಂದ ಮಾತ್ರಕ್ಕೆ ಹಣ ಕೈಗೆ ಬರುತ್ತಿರಲಿಲ್ಲ. ಮೊದಲು ಒಂದು ಸಣ್ಣ ಚೀಟಿ, ಅದಕ್ಕೆ ಮೂವರು ಅಧಿಕಾರಿಗಳ ರುಜು. ಆಮೇಲೆ ವಝೀರನ ಕಚೇರಿಯಲ್ಲಿ ನಕಲು, ಲೆಕ್ಕದ ಕಚೇರಿಯಲ್ಲಿ ದಾಖಲೆ, ನಂತರ ಪರವಾನ, ಕೊನೆಗೆ ಖಜಾನೆ. ಕೊಡುವಾಗ ಹತ್ತರಲ್ಲಿ ಒಂದು ಪಾಲು ಕಡಿತ. ತನಗೆ ಬರಬೇಕಾದ ಒಂದು ಮೊತ್ತಕ್ಕೆ ಅವರು ಆರು ತಿಂಗಳು ಕಾದರು.

ಅಷ್ಟರಲ್ಲಿ ಸಾಲ 55,000 ದೀನಾರ್ ಮುಟ್ಟಿತ್ತು. ಸಾಲಗಾರರು ಅರಮನೆಯ ಬಾಗಿಲಲ್ಲೇ ನಿಂತು ಸುಲ್ತಾನನ ಹೆಸರು ಹಿಡಿದು ದೂರು ಕೂಗಿದರು. ಖಾಝಿಗೆ ಇದಕ್ಕಿಂತ ದೊಡ್ಡ ಮಾನಭಂಗ ಇದೆಯಾ? ಸುಲ್ತಾನ್ ಸಾಲ ತೀರಿಸಲು ಒಪ್ಪಿದ. ಆದರೆ ಕಾಗದ ಮುಂದೆ ಕಳಿಸಬೇಕಾದ ಅಧಿಕಾರಿ 500 ಟಂಕ ಕೇಳಿದ. ಇವರು 200 ಕಳಿಸಿದರು. ಅವನು ವಾಪಸ್ ಮಾಡಿದ. ವಿಷಯ ಸುಲ್ತಾನನ ಕಿವಿಗೆ ಬಿದ್ದು ಅಧಿಕಾರಿ ಬಂಧನಕ್ಕೊಳಗಾದ. ಜೊತೆಗೆ ಇವರ ಪಾವತಿಯೂ ನಿಂತಿತು. ನ್ಯಾಯ ಹೇಳುವ ಪೀಠದಲ್ಲಿದ್ದವರು ತಾವೇ ಲಂಚ ಕೊಡಲು ಹೋದರಲ್ಲ ಅಂತ ನಾವು ಕೇಳಬಹುದು. ಕೇಳಲೇಬೇಕು. ಕೊನೆಗೆ ಸಾಲ ತೀರಿತು. ಇದ್ದ ಆದಾಯದೊಳಗೆ ಬದುಕು ಎಂಬ ಬುದ್ಧಿಮಾತೂ ಸುಲ್ತಾನನಿಂದ ಬಂತು.

ಮುಂದೆ ಸುಲ್ತಾನನ ಕೋಪಕ್ಕೆ ಗುರಿಯಾದ ಒಬ್ಬ ಶೇಖ್‌ರನ್ನು ಭೇಟಿ ಮಾಡಿದ್ದಕ್ಕೆ ಇವರ ಮೇಲೂ ಕಾವಲು ಬಿತ್ತು. ಶೇಖ್‌ರ ತಲೆ ಹೋಯಿತು. ಇವರು ಉಪವಾಸ ಹಿಡಿದು ದಿಕ್ರ್‌ನಲ್ಲಿ ಕಾಲ ಕಳೆದು ಪಾರಾದರು. ಆಮೇಲೆ ಅದೇ ಸುಲ್ತಾನ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳಿಸಿದ.

ಆ ದಾರಿಯಲ್ಲೇ, 1342ರ ಸುಮಾರಿಗೆ, ನಮ್ಮ ಕರಾವಳಿ ಸಿಕ್ಕಿದ್ದು. ಬಾರ್ಕೂರಿನಲ್ಲಿ ಪ್ರತಿ ಹಡಗೂ ನಿಂತು ಬಂದರಿನ ಹಕ್ಕು ಕೊಡಬೇಕಿತ್ತು. ಕೊಡದೆ ಹೋದ ಹಡಗನ್ನು ಬೆನ್ನಟ್ಟಿ ಹಿಡಿದು ದುಪ್ಪಟ್ಟು ವಸೂಲಿ ಮಾಡುತ್ತಿದ್ದರು. ಮಂಗಳೂರಿನಲ್ಲಿ ಫಾರ್ಸ್ ಮತ್ತು ಯಮನ್ ವ್ಯಾಪಾರಿಗಳು, ಕಾಳುಮೆಣಸು, ಶುಂಠಿ. ಊರ ಬದಿಯ ಕೇರಿಯಲ್ಲಿ ಸುಮಾರು 4,000 ಮುಸ್ಲಿಮರಿದ್ದರೆಂದು ಅವರು ಹೇಳಿದ್ದಾರೆ. ಖಾಝಿ ಬದ್ರುದ್ದೀನ್ ಮಅಬರಿ ಶಾಫಿಈ ಮದ್‌ಹಬ್‌ನವರು, ದರ್ಸ್ ನಡೆಸುತ್ತಿದ್ದರು. ಅವರು ಹಡಗಿಗೇ ಬಂದು ಇಳಿಯಲು ಕರೆದರು. ಆದರೆ ರಾಜ ತನ್ನ ಮಗನನ್ನು ಜಾಮೀನಾಗಿ ಹಡಗಿಗೆ ಕಳಿಸುವ ತನಕ ಇಬ್ನ್ ಬತೂತ ನೆಲಕ್ಕೆ ಕಾಲಿಡಲಿಲ್ಲ. ಕಾಗದದ ಹಿಂದೆ ಅಷ್ಟು ಅಲೆದವರು ನೋಡಿ, ಈ ಸಲ ಖಾತರಿ ಕೇಳುವ ಸರದಿ ಅವರದ್ದು. ಮೂರು ದಿನ ಇದ್ದು ಹೊರಟರು.

ಕಲ್ಲಿಕೋಟೆಯಲ್ಲಿ ಬಿರುಗಾಳಿಗೆ ಹಡಗು ಒಡೆದು ಸುಲ್ತಾನನ ಉಡುಗೊರೆಗಳೆಲ್ಲ ಸಮುದ್ರ ಪಾಲಾದವು. ದಿಲ್ಲಿಗೆ ಮರಳಲು ಭಯ. ನೆಲೆಸುತ್ತೇನೆಂದು ಬರೆದುಕೊಟ್ಟ ಮುಚ್ಚಳಿಕೆ ಅಲ್ಲಿಗೇ ಮುಗಿಯಿತು. ಮಾಲ್ದೀವ್ಸ್‌ಗೆ ಹೋದರೆ ಅಲ್ಲಿ ಖಾಝಿ ಮಾಡಿದರು, ಹೊರಹೋಗಲು ಅಪ್ಪಣೆ ಮಾತ್ರ ಕೊಡಲಿಲ್ಲ. ಬಿಡುಗಡೆ ಸಿಕ್ಕಿದ್ದು 1344ರಲ್ಲಿ. ಚೀನಾದಲ್ಲಿ ಪರದೇಶಿಯ ಚಿತ್ರ ಬರೆದು ಗೋಡೆಗೆ ಅಂಟಿಸುತ್ತಿದ್ದರಂತೆ, ಅಪರಾಧ ಮಾಡಿ ಓಡಿದರೆ ಹಿಡಿಯಲಿಕ್ಕೆ. ವಸತಿಗೃಹದಲ್ಲಿ ಪ್ರತಿ ರಾತ್ರಿ ಹೆಸರು ದಾಖಲು. ಇಂದಿನ ಪಾಸ್‌ಪೋರ್ಟ್ ಫೋಟೋಕ್ಕೂ ಇದಕ್ಕೂ ಏನು ವ್ಯತ್ಯಾಸ?

ಮರಳುವ ದಾರಿಯಲ್ಲಿ, 1348ರಲ್ಲಿ, ದಮಾಸ್ಕಸ್‌ನಲ್ಲಿ ಅವರಿಗೆ ಊರಿನ ಸುದ್ದಿ ಸಿಕ್ಕಿತು. ತಂದೆ ತೀರಿಕೊಂಡು 15 ವರ್ಷ ಆಗಿತ್ತು. ತಾಯಿಯಾದರೂ ಸಿಗಲಿಲ್ಲ, ಊರು ಮುಟ್ಟುವ ಮೊದಲೇ ಪ್ಲೇಗ್‌ಗೆ ಬಲಿಯಾಗಿದ್ದರು.

ಮೊರಾಕ್ಕೊದ ಸುಲ್ತಾನನ ಆಜ್ಞೆಯಂತೆ ಅವರು ಹೇಳಿದ್ದನ್ನು ಇಬ್ನ್ ಜುಝಯ್ಯ್ ಎಂಬ ವಿದ್ವಾಂಸರು ಬರೆದುಕೊಂಡು 1355ರಲ್ಲಿ ಗ್ರಂಥ ಮುಗಿಸಿದರು. ಕೊನೆಗಾಲದಲ್ಲಿ ಇಬ್ನ್ ಬತೂತ ತಮ್ಮ ನಾಡಿನಲ್ಲೇ ಖಾಝಿಯಾಗಿದ್ದರು. ಆ ಗ್ರಂಥದಲ್ಲಿ ಅವರು ಮಾನ ಸನ್ಮಾನಗಳ ಜೊತೆಗೆ ಸಾಲ, ಕೊಡಲು ಹೋದ ಲಂಚ, ಬಾಗಿಲಲ್ಲಿ ಆದ ಅವಮಾನ ಯಾವುದನ್ನೂ ಮುಚ್ಚಿಡಲಿಲ್ಲ. ನಮ್ಮವರು ಗಲ್ಫ್‌ನಿಂದ ಫೋನ್ ಮಾಡಿ ಎಲ್ಲ ಚೆನ್ನಾಗಿದೆ ಅಂತಾರೆ. ಇಖಾಮ ಮುಗಿದಿದ್ದರೂ, ಸಂಬಳ ಬಾರದಿದ್ದರೂ ಹಾಗೆಯೇ. ಮನೆಯಲ್ಲಿರುವ ನಾವು ಹಣ ಬಂತಾ ಎಂದು ಕೇಳುವ ಮೊದಲು, ಕಾಗದಪತ್ರ ಸರಿಯಿದೆಯಾ, ಸಾಲ ಎಷ್ಟು ಉಳಿದಿದೆ ಅಂತ ಕೇಳೋಣ. ಹೇಳಿದ್ದನ್ನು ಬಯ್ಯದೆ ಕೇಳಿಸಿಕೊಳ್ಳೋಣ.