ಫ್ರೀಡ್ರಿಖ್ ಗೆರ್ಸ್ಟೆಕರ್ (1816–1872): ಮರೆಯಾದ ಸಾಹಸಕಥೆಗಾರ

ಹೈಡೆಲ್‌ಬರ್ಗಿನ ಹಳೆಪೇಟೆಯ ಪುಸ್ತಕದಂಗಡಿಯೊಂದರ ಹೊರಗೆ ಇಟ್ಟಿದ್ದ ಅಗ್ಗದ ಪುಸ್ತಕಗಳ ಪೆಟ್ಟಿಗೆಯಲ್ಲಿ ನನಗೆ ಒಂದು ಸಾಹಸ ಕಾದಂಬರಿ ಸಿಕ್ಕಿತು. ಮಿಸಿಸಿಪ್ಪಿ ನದಿಯ ದರೋಡೆಕೋರರನ್ನು ಕುರಿತ ಆ ಕೃತಿಯನ್ನು ಮಕ್ಕಳಿಗೆಂದು ಸಂಕ್ಷೇಪಿಸಲಾಗಿತ್ತು. ಅದನ್ನು ನನ್ನ ಮೇಜಿನ ಮೇಲೆ ಕಂಡ, ಎಂಬತ್ತು ದಾಟಿದ ರೋಗಿಯೊಬ್ಬರ ಮುಖ ಅರಳಿತು. ನನ್ನ ಕಿರಿಯ ಸಹೋದ್ಯೋಗಿಗಳಾದರೋ ಲೇಖಕನ ಹೆಸರನ್ನೇ ಕೇಳಿರಲಿಲ್ಲ. ಈ ಅಂತರವೇ ಈ ಬರಹಕ್ಕೆ ಪ್ರೇರಣೆ.

ಫ್ರೀಡ್ರಿಖ್ ಗೆರ್ಸ್ಟೆಕರ್ 1816ರ ಮೇ 10ರಂದು ಹ್ಯಾಂಬರ್ಗ್‌ನಲ್ಲಿ ಜನಿಸಿದ. ತಂದೆ ಒಪೆರಾ ಗಾಯಕ. 1825ರಲ್ಲಿ ಆತ ತೀರಿಕೊಂಡ ಬಳಿಕ ಹುಡುಗ ಬ್ರೌನ್‌ಶ್ವೈಗ್‌ನಲ್ಲಿ ಬಂಧುಗಳ ಆಸರೆಯಲ್ಲಿ ಬೆಳೆದ. ರಾಬಿನ್ಸನ್ ಕ್ರೂಸೋನ ಕಥೆ ಆತನ ತಲೆಯಲ್ಲಿ ಮನೆಮಾಡಿತ್ತು. ವ್ಯಾಪಾರದ ತರಬೇತಿ ಹಿಡಿಸಲಿಲ್ಲ. ಒಂದಿಷ್ಟು ಬೇಸಾಯ ಕಲಿತು, 1837ರಲ್ಲಿ ಅಮೆರಿಕಕ್ಕೆ ಹಡಗು ಹತ್ತಿದ.

ಅಲ್ಲಿ ಆರು ವರ್ಷ ಆತ ಮಾಡದ ಕೆಲಸವಿಲ್ಲ. ಉಗಿದೋಣಿಯ ಒಲೆಗೆ ಸೌದೆ ಹಾಕಿದ, ಅಡುಗೆ ಮಾಡಿದ, ಮರ ಕಡಿದ, ಅರ್ಕನ್ಸಾದ ಕಾಡುಗಳಲ್ಲಿ ಬೇಟೆಯಾಡಿ ಬದುಕಿದ, ಲೂಸಿಯಾನಾದಲ್ಲಿ ಹೋಟೆಲು ನೋಡಿಕೊಂಡ. ಈ ನಡುವೆ ದಿನಚರಿ ಬರೆದು ತಾಯಿಗೆ ಕಳುಹಿಸುತ್ತಿದ್ದ. ತಾಯಿ ಅದನ್ನು ಪತ್ರಿಕೆಯೊಂದಕ್ಕೆ ಕೊಟ್ಟಳು. 1843ರಲ್ಲಿ ಊರಿಗೆ ಮರಳಿದಾಗ, ತನಗೇ ಅರಿವಿಲ್ಲದಂತೆ ತಾನು ಲೇಖಕನಾಗಿರುವುದು ಆತನಿಗೆ ತಿಳಿಯಿತು. ಅದೇ ವರ್ಷ ಜರ್ಮನಿಯಿಂದ ಹೋದ ಹರ್ಮನ್ ಮೋಗ್ಲಿಂಗ್ ಮಂಗಳೂರಿನಲ್ಲಿ ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹೊರಡಿಸಿದನೆಂಬುದು ಕನ್ನಡಿಗರಿಗೆ ನೆನಪಾಗದಿರದು. ಮನೆಗೆ ಬರೆದ ಕಾಗದಗಳೇ ಸಾಹಿತ್ಯವಾದ ಈ ಸಂಗತಿ ಪರದೇಶವಾಸಿಗಳಾದ ನಮಗೆ ಇನ್ನಷ್ಟು ಹತ್ತಿರದ್ದು.

1846ರಲ್ಲಿ ಅರ್ಕನ್ಸಾದ ಕಾದಂಬರಿ, ಅದರ ಬೆನ್ನಿಗೇ ಮಿಸಿಸಿಪ್ಪಿಯ ಕಾದಂಬರಿ ಬಂದು ಆತ ಮನೆಮಾತಾದ. 1849ರಿಂದ 1852ರವರೆಗೆ ಭೂಮಿಯನ್ನೇ ಸುತ್ತಿದ. ದಕ್ಷಿಣ ಅಮೆರಿಕದ ಬಯಲುಗಳನ್ನೂ ಆಂಡೀಸ್ ಪರ್ವತವನ್ನೂ ದಾಟಿ, ಚಿನ್ನದ ಹುಚ್ಚೆದ್ದಿದ್ದ ಕ್ಯಾಲಿಫೋರ್ನಿಯಾ, ಟಹೀಟಿ, ಆಸ್ಟ್ರೇಲಿಯಾ, ಜಾವಾಗಳನ್ನು ಕಂಡು ಬಂದ. 1862ರಲ್ಲಿ ಕೋಬುರ್ಗ್-ಗೋಥಾದ ಡ್ಯೂಕನೊಡನೆ ಈಜಿಪ್ಟ್ ಮತ್ತು ಅಬಿಸೀನಿಯಾಗಳಿಗೆ ಹೋದ. ಮಕ್ಕಳಿಗಾಗಿ ತಿಮಿಂಗಿಲ ಬೇಟೆಯ ಮತ್ತು ಚಿನ್ನ ಅಗೆಯುವ ಬಾಲಕರ ಕಥೆಗಳನ್ನೂ ಬರೆದ. ಆತನ ಸಮಗ್ರ ಕೃತಿಗಳು ನಲವತ್ತು ಸಂಪುಟಗಳನ್ನು ಮೀರುತ್ತವೆ.

ಹಾಗಿದ್ದೂ ಮರೆವು ಹೇಗೆ ಕವಿಯಿತು? ನನಗೆ ಮೂರು ಕಾರಣಗಳು ಕಾಣುತ್ತವೆ. ದೊಡ್ಡವರಿಗೆಂದು ಬರೆದ ಕಾದಂಬರಿಗಳನ್ನು ಪ್ರಕಾಶಕರು ಕತ್ತರಿಸಿ ಹುಡುಗರ ಓದಿಗೆ ಇಳಿಸಿದರು. ಸಮಾಜದ ಸೂಕ್ಷ್ಮ ಚಿತ್ರಗಳು ಹೋಗಿ ಗುಂಡಿನ ಸದ್ದು ಮಾತ್ರ ಉಳಿಯಿತು. ಎರಡನೆಯದಾಗಿ, ಆತನಿಂದ ಸಾಮಗ್ರಿಯನ್ನು ಪಡೆದ ಕಾರ್ಲ್ ಮಾಯ್ ಆತನನ್ನು ಮರೆಗೆ ಸರಿಸಿದ. ‘ವಿನೆಟೂ’ ಬರೆದ ಮೇಲೆ, 1908ರಲ್ಲಷ್ಟೇ ಮಾಯ್ ಅಮೆರಿಕವನ್ನು ಕಂಡದ್ದು. ಕಲ್ಪಿಸಿಕೊಂಡವನ ಅಮೆರಿಕ ಉಳಿಯಿತು, ಕಂಡವನ ಅಮೆರಿಕ ಮಸುಕಾಯಿತು. ಮೂರನೆಯದಾಗಿ, ಕಪ್ಪು ಜನರನ್ನೂ ಮೂಲನಿವಾಸಿಗಳನ್ನೂ ಆತ ಚಿತ್ರಿಸುವಲ್ಲಿ ಆ ಕಾಲದ ಪೂರ್ವಗ್ರಹಗಳು ಇಣುಕುತ್ತವೆ. ಇಂದಿನ ಮಗುವಿನ ಕೈಗೆ ಆ ಪುಸ್ತಕವನ್ನು ಹಾಗೆಯೇ ಕೊಡಲು ನಾನೂ ಹಿಂಜರಿಯುತ್ತೇನೆ. ಈ ಮರೆವು ಪೂರ್ತಿ ಅನ್ಯಾಯವೆಂದು ಹೇಳಲಾರೆ.

ಪೂರ್ತಿ ಮರೆವೂ ಅಲ್ಲ. ಬ್ರೌನ್‌ಶ್ವೈಗ್ ನಗರ 1947ರಲ್ಲಿ ಆತನ ಹೆಸರಿನಲ್ಲಿ ಕಿರಿಯರ ಸಾಹಿತ್ಯಕ್ಕೆ ಪ್ರಶಸ್ತಿಯೊಂದನ್ನು ಸ್ಥಾಪಿಸಿತು. 1957ರಲ್ಲಿ ಅರ್ಕನ್ಸಾ ರಾಜ್ಯ ಆತನನ್ನು ಮರಣೋತ್ತರವಾಗಿ ಗೌರವ ಪ್ರಜೆಯನ್ನಾಗಿಸಿತು.

1872ರ ಮೇ 31ರಂದು ಬ್ರೌನ್‌ಶ್ವೈಗ್‌ನಲ್ಲಿ ಮೆದುಳಿನ ಆಘಾತದಿಂದ ಗೆರ್ಸ್ಟೆಕರ್ ತೀರಿಕೊಂಡ. ಆಗ ಆತನಿಗೆ 56 ವರ್ಷ. ರಕ್ತದೊತ್ತಡವನ್ನು ಅಳೆಯುವ ಸಾಧನ ವೈದ್ಯನ ಕೈಗೆ ಇನ್ನೂ ಬಂದಿರದ ಕಾಲವದು. ಇಂಥ ಸಾವು ಎಚ್ಚರಿಕೆ ಕೊಡದೆಯೇ ಬರುತ್ತಿತ್ತು. ಆ ದಿನಗಳಲ್ಲಿ ಆತ ಭಾರತ, ಚೀನಾ, ಜಪಾನುಗಳ ಪ್ರಯಾಣಕ್ಕೆ ಸಿದ್ಧನಾಗುತ್ತಿದ್ದ. ಹೆಚ್ಚುಕಡಿಮೆ ಅದೇ ವಯಸ್ಸಿನ ನಾನು, ನಮ್ಮ ನಾಡಿನ ಬಗ್ಗೆ ಆತ ಬರೆಯದೆ ಹೋದ ಆ ಪುಸ್ತಕವನ್ನು ನೆನೆದು ಮರುಗುತ್ತೇನೆ.