ಗೋಡೆಗೆ ಹೂ ಅಂಟಿಸಿದವನು: ವಿಲಿಯಂ ಮಾರಿಸ್

ವಾಲ್‌ಪೇಪರ್ ಅಂದ ಕೂಡಲೇ ನಮಗೆಲ್ಲ ನೆನಪಾಗೋದು ಮೊಬೈಲ್ ಸ್ಕ್ರೀನ್. ಗೋಡೆಗೂ ಆ ಪದಕ್ಕೂ ಸಂಬಂಧ ಇದೆ ಅನ್ನೋದೇ ಮರೆತುಹೋಗಿದೆ. ನಮ್ಮ ಊರಿನ ಮನೆಗಳಲ್ಲಿ ಗೋಡೆಗೆ ಸುಣ್ಣ ಬಳಿತಿದ್ದರು, ಈಗ ಪೇಂಟ್ ಹೊಡೆಸ್ತಾರೆ. ಕಾಗದ ಅಂಟಿಸೋ ರೂಢಿ ಕಡಿಮೆ. ಆದರೂ ಒಂದು ಚಿತ್ರವನ್ನು ನೀವು ಎಲ್ಲೋ ನೋಡಿರ್ತೀರಿ. ಕಡು ನೀಲಿ ಹಿನ್ನೆಲೆ, ಎದುರುಬದುರು ಕೂತ ಹಕ್ಕಿಗಳು, ಕೊಕ್ಕಲ್ಲಿ ಕೆಂಪು ಸ್ಟ್ರಾಬೆರಿ, ಸುತ್ತಲೂ ಬಳ್ಳಿ, ಎಲೆ, ಹೂ. ಫೋನ್ ಕವರ್ ಮೇಲೆ, ಡೈರಿಯ ರಟ್ಟಿನ ಮೇಲೆ, ಚೀಲದ ಮೇಲೆ ಎಲ್ಲ ಕಡೆ ಇದೆ. ಅದನ್ನು ಬಿಡಿಸಿದವನು 1896ರಲ್ಲೇ ತೀರಿಕೊಂಡ. ಹೆಸರು ವಿಲಿಯಂ ಮಾರಿಸ್.

ಹೂ ಬಿಡಿಸಿದವನ ಕತೆ ಎಂಜಿನಿಯರಿಂಗ್ ಓದೋ ನಮಗ್ಯಾಕೆ ಅಂತ ಮೊದಲು ನಮಗೂ ಅನ್ನಿಸಿತ್ತು. ಓದ್ತಾ ಹೋದ ಹಾಗೆ ಅದರಲ್ಲಿ ಗಣಿ ಬಂತು, ರಸಾಯನಶಾಸ್ತ್ರ ಬಂತು, ಕಾರ್ಖಾನೆ ಬಂತು. ಕೊನೆಗೆ ನಮ್ಮನ್ನೇ ಕೇಳಬಹುದಾದ ಒಂದು ಪ್ರಶ್ನೆಯೂ ಬಂತು. ಅದಕ್ಕೇ ಈ ಲೇಖನ.

ಮಾರಿಸ್ ಹುಟ್ಟಿದ್ದು 1834ರ ಮಾರ್ಚ್ 24ರಂದು, ಲಂಡನ್ ಪಕ್ಕದ ವಾಲ್ಥಮ್‌ಸ್ಟೋನಲ್ಲಿ. ಅಪ್ಪ ಲಂಡನ್‌ನ ಹಣಕಾಸು ಪೇಟೆಯಲ್ಲಿ ದಲ್ಲಾಳಿ. ಎಪಿಂಗ್ ಕಾಡಿನ ಅಂಚಿನಲ್ಲಿ ದೊಡ್ಡ ಮನೆ. ಹುಡುಗನ ಬಾಲ್ಯವೆಲ್ಲ ಮರ, ಹಕ್ಕಿ, ಕುದುರೆ ಸವಾರಿಯಲ್ಲೇ ಕಳೆಯಿತು. ಮುಂದೆ ಅವನ ಕೈಯಿಂದ ಬಂದ ಎಲೆಗಳಿಗೆ ಬೇರು ಇಲ್ಲೇ ಇದೆ.

ಇನ್ನೊಂದು ಬೇರು ನೆಲದೊಳಗೆ ಇತ್ತು. 1844ರಲ್ಲಿ ಡೆವನ್ ಪ್ರಾಂತ್ಯದಲ್ಲಿ ಭಾರಿ ತಾಮ್ರದ ಅದಿರು ಸಿಕ್ಕಿತು. ಆ ಗಣಿಗೆ ಆಮೇಲೆ ಡೆವನ್ ಗ್ರೇಟ್ ಕನ್ಸೋಲ್ಸ್ ಅಂತ ಹೆಸರಾಯಿತು. ಅದರ 1024 ಷೇರುಗಳಲ್ಲಿ 272 ಮಾರಿಸ್‌ನ ಅಪ್ಪನ ಕೈಗೆ ಬಂದವು. ಕೆಲವೇ ವರ್ಷಗಳಲ್ಲಿ ಷೇರಿನ ಬೆಲೆ ಆಕಾಶಕ್ಕೇರಿತು. 1847ರಲ್ಲಿ ಅಪ್ಪ ತೀರಿಕೊಂಡಾಗ ಮಾರಿಸ್‌ಗೆ 13 ವರ್ಷ. 21 ತುಂಬಿದಾಗ ಅವನ ಪಾಲಿಗೆ ಬಂದ ಷೇರುಗಳಿಂದ ವರ್ಷಕ್ಕೆ 700 ಪೌಂಡಿಗೂ ಹೆಚ್ಚು ಆದಾಯ. ಆ ಕಾಲಕ್ಕೆ ಕೆಲಸ ಮಾಡದೇ ಆರಾಮಾಗಿ ಬದುಕಬಹುದಾದಷ್ಟು ದುಡ್ಡು ಅದು.

ಮಾರಿಸ್ ಆರಾಮಾಗಿ ಕೂರೋ ಪೈಕಿ ಆಗಿರಲಿಲ್ಲ. 1853ರಲ್ಲಿ ಪಾದ್ರಿ ಆಗಬೇಕು ಅಂತ ಆಕ್ಸ್‌ಫರ್ಡ್ ಸೇರಿದ. ಅಲ್ಲಿ ಎಡ್ವರ್ಡ್ ಬರ್ನ್-ಜೋನ್ಸ್ ಅನ್ನೋ ಗೆಳೆಯ ಸಿಕ್ಕ, ಜಾನ್ ರಸ್ಕಿನ್‌ನ ಪುಸ್ತಕಗಳು ಸಿಕ್ಕವು. ಕೆಲಸಗಾರನನ್ನು ಯಂತ್ರದ ಹಲ್ಲಾಗಿ ಮಾಡಿದರೆ ಅವನೂ ಹಾಳು, ಅವನು ಮಾಡೋ ವಸ್ತುವೂ ಹಾಳು ಅನ್ನೋದು ರಸ್ಕಿನ್‌ನ ವಾದ. ಇದು ಮಾರಿಸ್‌ನ ತಲೆಯಲ್ಲಿ ಕೊನೇವರೆಗೂ ಉಳಿಯಿತು. ಪಾದ್ರಿ ಆಗೋ ಯೋಚನೆ ಬಿಟ್ಟ. 1856ರಲ್ಲಿ ಒಬ್ಬ ವಾಸ್ತುಶಿಲ್ಪಿಯ ಆಫೀಸ್ ಸೇರಿದ, ಅಲ್ಲಿ ಫಿಲಿಪ್ ವೆಬ್ ಪರಿಚಯವಾದ. ವರ್ಷ ತುಂಬೋದರೊಳಗೆ ಅದನ್ನೂ ಬಿಟ್ಟು ಚಿತ್ರ ಬಿಡಿಸೋಕೆ ಹೊರಟ. ಬ್ರಾಂಚ್ ಚೇಂಜ್ ಬಗ್ಗೆ ತಲೆ ಕೆಡಿಸಿಕೊಂಡಿರೋ ಜೂನಿಯರ್‌ಗಳು ಸ್ವಲ್ಪ ಸಮಾಧಾನ ಮಾಡ್ಕೊಳ್ಳಿ.

1859ರಲ್ಲಿ ಅವನು ಜೇನ್ ಬರ್ಡನ್‌ಳನ್ನು ಮದುವೆಯಾದ. ಆಕೆ ಆಕ್ಸ್‌ಫರ್ಡಿನ ಕುದುರೆ ಲಾಯದಲ್ಲಿ ಕೆಲಸ ಮಾಡ್ತಿದ್ದವನ ಮಗಳು. ಹೊಸ ಸಂಸಾರಕ್ಕೆ ವೆಬ್ ಒಂದು ಮನೆ ಕಟ್ಟಿಕೊಟ್ಟ. ಕೆಂಪು ಇಟ್ಟಿಗೆಯ ಮನೆ, ಹೆಸರೂ ರೆಡ್ ಹೌಸ್. ಮನೆ ಏನೋ ಎದ್ದಿತು, ಒಳಗೆ ಇಡೋಕೆ ಮನಸ್ಸಿಗೆ ಹಿಡಿಸೋ ಒಂದು ಕುರ್ಚಿ ಇಲ್ಲ, ಪರದೆ ಇಲ್ಲ. ಯಂತ್ರದ ಸರಕು ಪೇಟೆಯಲ್ಲಿ ರಾಶಿ ಬಿದ್ದಿತ್ತು, ಅವನಿಗೆ ಅದು ಬೇಡ. ಗೆಳೆಯರೆಲ್ಲ ಸೇರಿ ತಾವೇ ಮಾಡಿಕೊಂಡರು. ಆ ಉತ್ಸಾಹದಲ್ಲೇ 1861ರಲ್ಲಿ ಮಾರಿಸ್, ಮಾರ್ಷಲ್, ಫಾಕ್ನರ್ ಅಂಡ್ ಕಂಪನಿ ಶುರುವಾಯಿತು. ಇವತ್ತಿನ ಭಾಷೆಯಲ್ಲಿ ಸ್ಟಾರ್ಟಪ್ ಅನ್ನಬಹುದು.

ಮೊದಲ ವಾಲ್‌ಪೇಪರ್ ವಿನ್ಯಾಸ ಹುಟ್ಟಿದ್ದು 1862ರಲ್ಲಿ. ಹೆಸರು ಟ್ರೆಲ್ಲಿಸ್, ಅಂದರೆ ಬಳ್ಳಿ ಹಬ್ಬಿಸೋ ಚಪ್ಪರದ ಚೌಕಟ್ಟು. ರೆಡ್ ಹೌಸ್ ತೋಟದಲ್ಲಿ ಗುಲಾಬಿಗೆ ಹಾಕಿದ್ದ ಚೌಕಟ್ಟೇ ಅದಕ್ಕೆ ಮೂಲ. ಹಕ್ಕಿಗಳನ್ನು ಬಿಡಿಸೋಕೆ ತನಗೆ ಸರಿಯಾಗಿ ಬರಲ್ಲ ಅನ್ನಿಸಿ ಮಾರಿಸ್ ಅವನ್ನು ವೆಬ್ ಕೈಯಲ್ಲಿ ಬಿಡಿಸಿದ. ಅಚ್ಚು ಹಾಕೋದನ್ನು ತಾನೇ ಮಾಡ್ತೀನಿ ಅಂತ ಸತುವಿನ ತಗಡು, ಎಣ್ಣೆ ಬಣ್ಣ ಎಲ್ಲ ತಂದು ಪ್ರಯೋಗ ಮಾಡಿದ. ಫೇಲ್. ಕೊನೆಗೆ ಲಂಡನ್‌ನ ಜೆಫ್ರಿ ಅಂಡ್ ಕಂಪನಿಗೆ ಕೆಲಸ ಒಪ್ಪಿಸಿದ. 1864ರಲ್ಲಿ ಕಾಗದ ಮಾರಾಟಕ್ಕೆ ಬಂತು.

ಹೇಗೆ ಅಚ್ಚು ಹಾಕ್ತಿದ್ದರು? ಪೇರ್ ಮರದ ಹಲಗೆಯಲ್ಲಿ ಚಿತ್ರವನ್ನು ಉಬ್ಬುವಂತೆ ಕೆತ್ತಬೇಕು. ಒಂದು ಬಣ್ಣಕ್ಕೆ ಕಡಿಮೆ ಅಂದರೂ ಒಂದು ಅಚ್ಚು. ಅಚ್ಚನ್ನು ಬಣ್ಣದಲ್ಲಿ ಅದ್ದಿ, ಕಾಗದದ ಮೇಲೆ ಒತ್ತಿ, ಒಣಗಲು ಬಿಟ್ಟು, ಆಮೇಲೆ ಮುಂದಿನ ಬಣ್ಣ. ಕೂದಲೆಳೆ ಆಚೀಚೆ ಆದರೂ ಎಲೆ ಒಂದು ಕಡೆ, ಅದರ ನರ ಇನ್ನೊಂದು ಕಡೆ. ಯಂತ್ರದ ರೋಲರ್ ಅಷ್ಟರಲ್ಲಾಗಲೇ ಬಂದಿತ್ತು, ಅಗ್ಗವೂ ಆಗಿತ್ತು. ಮಾರಿಸ್ ಮಾತ್ರ ಕೈಯಚ್ಚನ್ನೇ ಹಿಡಿದ. 1875ರ ಅಕ್ಯಾಂಥಸ್ ಅನ್ನೋ ವಿನ್ಯಾಸಕ್ಕೆ 15 ಬಣ್ಣ, 30 ಅಚ್ಚು ಬೇಕಾದವು. ಬೆಲೆ ಎಷ್ಟಿದ್ದಿರಬಹುದು ಅಂತ ನೀವೇ ಊಹಿಸಿ.

ಅವನ ವಿನ್ಯಾಸದ ಗುಟ್ಟು ಪುನರಾವರ್ತನೆಯಲ್ಲಿದೆ. ಒಂದು ತುಂಡು ಚಿತ್ರ ಮೇಲೆ, ಕೆಳಗೆ, ಎಡಕ್ಕೆ, ಬಲಕ್ಕೆ ಮತ್ತೆ ಮತ್ತೆ ಬರುತ್ತೆ. ಫಸ್ಟ್ ಇಯರ್ ಫಿಸಿಕ್ಸ್‌ನಲ್ಲಿ ಓದಿದ ಯೂನಿಟ್ ಸೆಲ್ ನೆನಪಿದೆಯಾ? ಅದೇ. ಎಲ್ಲಿ ತುಂಡು ಮುಗೀತು, ಎಲ್ಲಿ ಮುಂದಿನದು ಶುರುವಾಯ್ತು ಅಂತ ಕಣ್ಣಿಗೆ ಗೊತ್ತಾಗದ ಹಾಗೆ ಬಳ್ಳಿಯನ್ನು ಗಡಿ ದಾಟಿಸೋದೇ ಜಾಣ್ಮೆ. ಸಮತಲದಲ್ಲಿ ಹೀಗೆ ಮರುಕಳಿಸೋ ಸಮ್ಮಿತಿಗಳು ಒಟ್ಟು 17 ಬಗೆ ಮಾತ್ರ ಅಂತ ರಷ್ಯಾದ ಫೆಡೊರೊವ್ 1891ರಲ್ಲಿ ಸಾಧಿಸಿದ. ಗಣಿತದವರು ಅವನ್ನು ಇವತ್ತಿಗೂ ವಾಲ್‌ಪೇಪರ್ ಗ್ರೂಪ್ ಅಂತಾನೇ ಕರೀತಾರೆ.

ಈಗ ಆ ಎಲೆಗಳ ಹಸಿರಿನ ವಿಷಯಕ್ಕೆ ಬರೋಣ. 1775ರಲ್ಲಿ ಸ್ವೀಡನ್ನಿನ ಷೀಲೆ ತಾಮ್ರ ಮತ್ತು ಆರ್ಸೆನಿಕ್ ಸೇರಿಸಿ ಒಂದು ಹಸಿರು ಬಣ್ಣ ಕಂಡುಹಿಡಿದಿದ್ದ. ಆರ್ಸೆನಿಕ್ ಅಂದರೆ ನಮ್ಮ ಹಿರಿಯರು ಪಾಷಾಣ ಅಂತಿದ್ದ ಅದೇ ವಿಷ. 1814ರಲ್ಲಿ ಇನ್ನೂ ಹೊಳೆಯೋ ಎಮರಾಲ್ಡ್ ಹಸಿರು ಬಂತು, ಅದರಲ್ಲೂ ಆರ್ಸೆನಿಕ್. ವಿಕ್ಟೋರಿಯಾ ಕಾಲದ ಇಂಗ್ಲೆಂಡಿನಲ್ಲಿ ಇದು ಕಾಗದ, ಬಟ್ಟೆ, ಕೃತಕ ಹೂ ಎಲ್ಲದರಲ್ಲೂ ಸೇರಿಕೊಂಡಿತು. 1862ರಲ್ಲಿ ಲಂಡನ್ನಿನ ಲೈಮ್‌ಹೌಸ್‌ನಲ್ಲಿ ಒಂದೇ ಮನೆಯ ಮಕ್ಕಳು ಒಬ್ಬರ ಹಿಂದೆ ಒಬ್ಬರು ಸತ್ತಾಗ ಅನುಮಾನ ಹೋಗಿದ್ದು ಕೋಣೆಯ ಹಸಿರು ವಾಲ್‌ಪೇಪರ್ ಕಡೆಗೆ. ಟ್ರೆಲ್ಲಿಸ್ ವಿನ್ಯಾಸ ಹುಟ್ಟಿದ್ದೂ ಅದೇ ವರ್ಷ ಅನ್ನೋದನ್ನು ಗಮನಿಸಿ. ಕಾಗದದಿಂದ ಉದುರೋ ಪುಡಿ ಮೈಗೆ ಸೇರುತ್ತಿತ್ತು. ಸಾಲದ್ದಕ್ಕೆ, ತೇವದ ಗೋಡೆಯಲ್ಲಿ ಬೆಳೆಯೋ ಬೂಷ್ಟು ಈ ಬಣ್ಣದಿಂದ ಆರ್ಸೆನಿಕ್ ಅನಿಲವನ್ನೇ ಹೊರಬಿಡುತ್ತೆ ಅಂತ 1890ರ ದಶಕದಲ್ಲಿ ಇಟಲಿಯ ಗೋಸಿಯೊ ತೋರಿಸಿದ.

ಮಾರಿಸ್ ಏನು ಮಾಡಿದ? ಇಲ್ಲಿ ಕತೆ ಕಹಿಯಾಗುತ್ತೆ. ಡೆವನ್ ಗಣಿಯಲ್ಲಿ ತಾಮ್ರ ಕಡಿಮೆಯಾಗ್ತಾ ಬಂದ ಹಾಗೆ ಕಂಪನಿ ಆರ್ಸೆನಿಕ್ ತಯಾರಿಕೆಗೆ ಇಳಿದಿತ್ತು. ಜಗತ್ತಿನ ದೊಡ್ಡ ಆರ್ಸೆನಿಕ್ ಉತ್ಪಾದಕರಲ್ಲಿ ಅದೂ ಒಂದಾಯಿತು. 1871ರಿಂದ 1875ರವರೆಗೆ ಆ ಕಂಪನಿಯ ನಿರ್ದೇಶಕರ ಪಟ್ಟಿಯಲ್ಲಿ ವಿಲಿಯಂ ಮಾರಿಸ್ ಹೆಸರಿದೆ. ಆಮೇಲೆ ಹುದ್ದೆ ಬಿಟ್ಟ, ಷೇರುಗಳನ್ನೂ ಮಾರಿದ. ಗಿರಾಕಿಗಳು ವಿಷವಿಲ್ಲದ ಕಾಗದ ಬೇಕು ಅಂತ ಪಟ್ಟು ಹಿಡಿದಾಗ ಅವನ ಕಂಪನಿ ಆ ಬಣ್ಣವನ್ನು ಕೈಬಿಟ್ಟಿತು. ಒಳಗೆ ಮಾತ್ರ ಅವನು ಒಪ್ಪಿರಲಿಲ್ಲ. 1885ರಲ್ಲಿ ಗೆಳೆಯನೊಬ್ಬನಿಗೆ ಬರೆದ ಪತ್ರದಲ್ಲಿ ಇದೆಲ್ಲ ವೈದ್ಯರಿಗೆ ಹಿಡಿದಿರೋ ಭ್ರಮೆ ಅನ್ನೋ ಅರ್ಥದಲ್ಲಿ ತಳ್ಳಿಹಾಕಿದ. ಕೆಲಸಗಾರನ ಬದುಕಿನ ಬಗ್ಗೆ ಅಷ್ಟೊಂದು ಯೋಚಿಸಿದವನು, ತನ್ನ ಬಣ್ಣ ಬಂದ ದಾರಿಯಲ್ಲಿ ವಿಷದ ಪುಡಿ ಉಸಿರಾಡಿದ ಕೆಲಸಗಾರರ ಬಗ್ಗೆ ಏನಾದರೂ ಬರೆದದ್ದು ನಮ್ಮ ಕಣ್ಣಿಗೆ ಬೀಳಲಿಲ್ಲ.

ಹಾಗಂತ ಅವನನ್ನು ಬರೀ ಬೂಟಾಟಿಕೆಯವನು ಅಂದುಬಿಟ್ಟರೆ ಅದೂ ತಪ್ಪಾಗುತ್ತೆ. 1870ರ ದಶಕದಲ್ಲಿ ಪೇಟೆಯಲ್ಲಿ ಸಿಗೋ ಹೊಸ ರಾಸಾಯನಿಕ ಬಣ್ಣಗಳು ಅವನಿಗೆ ಹಿಡಿಸಲಿಲ್ಲ. ಮಾಲೀಕ ತಾನು ಅಂತ ಕೂರದೆ, ಲೀಕ್ ಅನ್ನೋ ಊರಿನ ಥಾಮಸ್ ವಾರ್ಡಲ್‌ನ ಬಣ್ಣದ ಕಾರ್ಖಾನೆಗೆ ಹೋಗಿ ಶಿಷ್ಯನ ಹಾಗೆ ಕಲಿತ. ತೊಟ್ಟಿಗೆ ಕೈಯಿಳಿಸಿ ನೀಲಿ ಕೈಯಲ್ಲೇ ಓಡಾಡಿದ. ಕೆಂಪಿಗೆ ಮ್ಯಾಡರ್ ಬೇರು, ಅದು ನಮ್ಮ ಮಂಜಿಷ್ಠದ ಹತ್ತಿರದ ನೆಂಟ. ಹಳದಿಗೆ ವೆಲ್ಡ್ ಅನ್ನೋ ಗಿಡ (ಮೆಕ್ಯಾನಿಕಲ್ ಗೆಳೆಯರೇ, ನಿಮ್ಮ ವೆಲ್ಡಿಂಗ್‌ಗೂ ಇದಕ್ಕೂ ಸಂಬಂಧ ಇಲ್ಲ). ನೀಲಿಗೆ ಇಂಡಿಗೊ. ಆ ಕಾಲದಲ್ಲಿ ಯುರೋಪಿಗೆ ಹೋಗ್ತಿದ್ದ ಇಂಡಿಗೊದಲ್ಲಿ ಬಹುಪಾಲು ನಮ್ಮ ದೇಶದ ಬಂಗಾಳ, ಬಿಹಾರದ ಹೊಲಗಳದ್ದು. ಅಲ್ಲಿನ ರೈತರ ಪಾಡು ಬೇರೆಯೇ ಕತೆ.

1881ರಲ್ಲಿ ವಾಂಡಲ್ ನದಿ ದಂಡೆಯ ಮರ್ಟನ್ ಆಬಿಯಲ್ಲಿ ಮಾರಿಸ್ ಸ್ವಂತ ಕಾರ್ಖಾನೆ ತೆರೆದ. ಹಕ್ಕಿ, ಸ್ಟ್ರಾಬೆರಿಯ ಆ ಚಿತ್ರ ಸಿದ್ಧವಾಗಿದ್ದು ಅಲ್ಲೇ, 1883ರಲ್ಲಿ. ಹೆಸರು ಸ್ಟ್ರಾಬೆರಿ ಥೀಫ್, ಅಂದರೆ ಸ್ಟ್ರಾಬೆರಿ ಕಳ್ಳ. ಕೆಲ್ಮ್‌ಸ್ಕಾಟ್ ಹಳ್ಳಿಯಲ್ಲಿ ಅವನು ಬಾಡಿಗೆಗೆ ಹಿಡಿದಿದ್ದ ಮನೆಯ ತೋಟಕ್ಕೆ ನುಗ್ಗಿ ಹಣ್ಣು ಕದೀತಿದ್ದ ಥ್ರಶ್ ಹಕ್ಕಿಗಳೇ ಅದರ ಹೀರೋಗಳು. ಅಸಲಿಗೆ ಅದು ವಾಲ್‌ಪೇಪರ್ ಅಲ್ಲ, ಪರದೆ ಬಟ್ಟೆ. ಇಡೀ ಬಟ್ಟೆಯನ್ನು ಮೊದಲು ನೀಲಿಯಲ್ಲಿ ಅದ್ದೋದು, ಬೇಕಾದ ಕಡೆ ಬ್ಲೀಚಿನ ಅಚ್ಚೊತ್ತಿ ನೀಲಿ ತೆಗೆಯೋದು, ಆ ಜಾಗಕ್ಕೆ ಕೆಂಪು, ಹಳದಿ ತುಂಬೋದು. ಒಂದು ಬಟ್ಟೆ ಮುಗಿಯೋಕೆ ದಿನಗಟ್ಟಲೆ ಹಿಡಿಯುತ್ತಿತ್ತು.

ಅವನ ಹಟ ಎಂಥದ್ದು ಅನ್ನೋಕೆ ಒಂದೇ ಲೆಕ್ಕ ಸಾಕು. 1879ರಲ್ಲಿ ಚಿತ್ರಕಂಬಳಿ ನೇಯೋದು ಕಲೀಬೇಕು ಅನ್ನಿಸಿ ಮಲಗೋ ಕೋಣೆಯಲ್ಲೇ ಮಗ್ಗ ಹಾಕಿಸಿದ. ಮೊದಲ ತುಂಡಿಗೆ 516 ಗಂಟೆ ಹಿಡಿಯಿತು ಅಂತ ಅವನ ಡೈರಿಯ ಲೆಕ್ಕ. ಮನೆಯೊಳಗೆ ಎಲ್ಲ ಸುಖವಾಗಿತ್ತು ಅಂತೇನಲ್ಲ. ಜೇನ್ ಮತ್ತು ಅವನ ಗೆಳೆಯ ರೊಸೆಟ್ಟಿ ನಡುವೆ ಪ್ರೀತಿ ಬೆಳೆದಿತ್ತು. ಹಿರಿಯ ಮಗಳು ಜೆನ್ನಿಗೆ ಮೂರ್ಛೆರೋಗ. ಕಿರಿಯವಳು ಮೇ ಅಪ್ಪನ ಕಸುಬನ್ನೇ ಹಿಡಿದು, 23ನೇ ವಯಸ್ಸಿಗೆ ಕಂಪನಿಯ ಕಸೂತಿ ವಿಭಾಗ ವಹಿಸಿಕೊಂಡಳು. 1883ರ ಹನಿಸಕಲ್ ವಾಲ್‌ಪೇಪರ್ ಅವಳದ್ದೇ, ಆದರೂ ಬಹಳ ಜನ ಅದನ್ನು ಅಪ್ಪನದ್ದು ಅಂತಾನೇ ತಿಳಿದಿದ್ದರು.

ಸೇಂಟ್ ಜೇಮ್ಸ್ ಅರಮನೆಯಿಂದ ಹಿಡಿದು ಕಬ್ಬಿಣದ ಕಾರ್ಖಾನೆಯ ಒಡೆಯ ಲೋಥಿಯನ್ ಬೆಲ್‌ನ ಮನೆವರೆಗೆ ಮಾರಿಸ್ ಕಂಪನಿಗೆ ಕೆಲಸ ಸಿಕ್ಕಿತು. ಅಲ್ಲೇ ಅವನಿಗೆ ಚುಚ್ಚಿದ್ದು. ಕೈಯಿಂದ ಮಾಡಿದರೆ ವಸ್ತು ದುಬಾರಿ, ದುಬಾರಿಯಾದರೆ ಕೊಳ್ಳೋದು ಶ್ರೀಮಂತರು ಮಾತ್ರ. ಎಲ್ಲರ ಮನೆಗೂ ಸೌಂದರ್ಯ ಬರಬೇಕು ಅಂತ ಹೊರಟವನು ಸಿರಿವಂತರ ಸುಖಕ್ಕೆ ಚಾಕರಿ ಮಾಡ್ತಿದ್ದ. ಬೆಲ್‌ನ ಮನೆಯಲ್ಲಿ ಕೆಲಸ ಮಾಡ್ತಾ ಇದನ್ನೇ ಹೇಳಿ ಸಿಡಿಮಿಡಿಗೊಂಡ ಅಂತ ಹೇಳ್ತಾರೆ. 1883ರಲ್ಲಿ ಅವನು ಸಮಾಜವಾದಿ ಸಂಘಟನೆ ಸೇರಿದ. ಬೀದಿ ಮೂಲೆಯಲ್ಲಿ ನಿಂತು ಭಾಷಣ ಮಾಡಿದ, ಪತ್ರಿಕೆ ನಡೆಸಿದ, ಜೇಬಿನ ದುಡ್ಡು ಸುರಿದ. ವಿನ್ಯಾಸಗಳು ಆಗಲೂ ನಿಲ್ಲಲಿಲ್ಲ. ಇವತ್ತಿಗೂ ಜನ ಇಷ್ಟಪಡೋ ವಿಲೋ ಬೌಸ್ ಎಲೆಗಳ ಕಾಗದ ಬಂದಿದ್ದು 1887ರಲ್ಲಿ.

1891ರಲ್ಲಿ ಕೆಲ್ಮ್‌ಸ್ಕಾಟ್ ಪ್ರೆಸ್ ತೆರೆದು ಅಕ್ಷರಗಳ ಅಚ್ಚನ್ನೂ ತಾನೇ ವಿನ್ಯಾಸ ಮಾಡಿದ. ಅಲ್ಲಿಂದ ಹೊರಬಂದ ಚಾಸರ್‌ನ ಬೃಹತ್ ಸಂಪುಟ ಕೈಸೇರಿದ್ದು 1896ರ ಬೇಸಿಗೆಯಲ್ಲಿ. ಅದೇ ಅಕ್ಟೋಬರ್ 3ರಂದು, 62ನೇ ವಯಸ್ಸಿನಲ್ಲಿ ಮಾರಿಸ್ ತೀರಿಕೊಂಡ. ಹತ್ತು ಜನರ ಕೆಲಸ ಒಬ್ಬನೇ ಮಾಡಿದ್ದೇ ಅವನ ಕಾಯಿಲೆ ಅಂದನಂತೆ ಒಬ್ಬ ವೈದ್ಯ. ಹೆಣವನ್ನು ಕೆಲ್ಮ್‌ಸ್ಕಾಟ್ ಹಳ್ಳಿಯ ಚರ್ಚಿಗೆ ಒಯ್ದದ್ದು ಎಲೆಬಳ್ಳಿಗಳಿಂದ ಸಿಂಗರಿಸಿದ ರೈತರ ಗಾಡಿಯಲ್ಲಿ.

ಕಂಪನಿ 1940ರಲ್ಲಿ ಮುಚ್ಚಿತು. ಮರದ ಅಚ್ಚುಗಳು ಸ್ಯಾಂಡರ್ಸನ್ ಕಂಪನಿಗೆ ಹೋದವು, ಆ ಹೂಗಳು ಇವತ್ತಿಗೂ ಮಾರಾಟದಲ್ಲಿವೆ. ಈಗಿನ ಬಣ್ಣದಲ್ಲಿ ಆರ್ಸೆನಿಕ್ ಇಲ್ಲ, ಹೆದರಬೇಡಿ. 2003ರಲ್ಲಿ ಆಂಡ್ರ್ಯೂ ಮೆಹಾರ್ಗ್ ಅನ್ನೋ ವಿಜ್ಞಾನಿ ಹಳೇ ಟ್ರೆಲ್ಲಿಸ್ ಕಾಗದದ ಒಂದು ಚೂರನ್ನು ಪರೀಕ್ಷಿಸಿದರು. ಹಸಿರಿನಲ್ಲಿ ಸಿಕ್ಕಿದ್ದು ತಾಮ್ರ ಮತ್ತು ಆರ್ಸೆನಿಕ್. ನೂರಾರು ಪುಟ ಬರೆದು, ಊರೂರು ಸುತ್ತಿ ಭಾಷಣ ಮಾಡಿದ ಮನುಷ್ಯ ಬಾಯಿಬಿಡದ ವಿಷಯವನ್ನು ಅವನದೇ ಎಲೆ ಹೇಳಿತು.

ನಮ್ಮ ಪ್ರಾಜೆಕ್ಟ್ ರಿಪೋರ್ಟ್‌ಗಳಲ್ಲಿ ಬಳಸಿದ ಸಾಮಗ್ರಿಗಳು ಅಂತ ಒಂದು ಪುಟ ಇರುತ್ತಲ್ಲ. ಬ್ಯಾಟರಿ, ಸೆನ್ಸರ್, ಪಿಸಿಬಿ, ಅಂಟು ಅಂತ ಸೀನಿಯರ್ಸ್ ರಿಪೋರ್ಟಿಂದ ಕಾಪಿ ಹೊಡೆದು ಮುಗಿಸ್ತೀವಿ. ಈ ಸಲ ಆ ಪುಟ ಬರೆಯೋವಾಗ ಒಂದು ನಿಮಿಷ ನಿಲ್ಲೋಣ ಅಂತ ನಾವಂದುಕೊಂಡಿದ್ದೇವೆ. ಇದು ಯಾವ ನೆಲದಿಂದ ಬಂತು, ಅಗೆದವರು ಯಾರು, ಕೆಟ್ಟ ಮೇಲೆ ಯಾರ ಮನೆ ಮುಂದೆ ಬೀಳುತ್ತೆ? ಮಾರಿಸ್‌ನಂಥ ಕೈ ನಮ್ಮಲ್ಲಿ ಯಾರಿಗೂ ಬರಲಿಕ್ಕಿಲ್ಲ. ಈ ಮೂರು ಪ್ರಶ್ನೆ ಕೇಳೋದು ಮಾತ್ರ ನಮ್ಮಿಂದಲೂ ಆಗುತ್ತೆ.